ಬೋಟ್ ಯಾರ್ಡಿನಲ್ಲೊಬ್ಬಳು ಕನ್ನಡ ಟೀಚರ್

ಪ್ರತಿ ವರ್ಷ ಈ ಸಂಚಿಕೆಗೆ ನಾನು ಬರೆದುಕೊಡುತ್ತಿದ್ದದ್ದು ಕನ್ನಡ ವಿಭಾಗದ ವರದಿ. ಎಷ್ಟು ಮಕ್ಕಳು ಸೇರಿದರು, ಕಂಠಪಾಠ ಸ್ಪರ್ಧೆಯಲ್ಲಿ ಯಾರಿಗೆ ಬಹುಮಾನ ಬಂತು, ರಾಜ್ಯೋತ್ಸವಕ್ಕೆ ಯಾವ ನಾಟಕ ಆಡಿಸಿದೆವು, ಅಷ್ಟೇ. ಈ ಸಲ ವರದಿಯ ಕೆಲಸವನ್ನು ಸಹೋದ್ಯೋಗಿಯೊಬ್ಬರಿಗೆ ದಾಟಿಸಿ, ಒಂದು ಪ್ರಶ್ನೆಗೆ ಉತ್ತರ ಬರೆಯಲು ಕುಳಿತಿದ್ದೇನೆ.

ಪ್ರಶ್ನೆ ಕೇಳಿದವನು ನಮ್ಮ ಎರಡನೇ ಹಂತದ ತರಗತಿಯ ಪುಟ್ಟ ಹುಡುಗ. 2023ರ ಸೆಪ್ಟೆಂಬರ್‌ನ ಒಂದು ಭಾನುವಾರ ನಾನು ಬೋರ್ಡಿನ ಮೇಲೆ ಒತ್ತಕ್ಷರಗಳನ್ನು ಬರೆಯುತ್ತಿದ್ದೆ. ಹಿಂದಿನಿಂದ ಅವನ ದನಿ ಬಂತು: "ಟೀಚರ್, ನೀವು ಬೋಟ್ ತೊಳೀತೀರಂತೆ, ಹೌದಾ? ಅಪ್ಪ ನೋಡಿದ್ರಂತೆ."

ನನ್ನ ಮಾರ್ಕರ್ ಪೆನ್ನು 'ರಾಷ್ಟ್ರ'ದ ಒತ್ತಿನ ಮೇಲೇ ನಿಂತುಬಿಟ್ಟಿತು. ಅವನ ತಂದೆ ನನ್ನನ್ನು ನೋಡಿದ್ದು ನನಗೂ ಗೊತ್ತಿತ್ತು. ಬೇಸಿಗೆಯಲ್ಲಿ ಗೆಳೆಯರ ಜೊತೆ ಬೋಟು ಬಾಡಿಗೆಗೆ ಪಡೆಯಲು ಬಂದಿದ್ದರು. ನಾನು ನೀಲಿ ಡಾಂಗ್ರಿ ತೊಟ್ಟು, ಮೊಣಕಾಲೂರಿ, ಬ್ರಷ್ಷಿನಿಂದ ಒಂದು ಬೋಟಿನ ಡೆಕ್ಕು ಉಜ್ಜುತ್ತಿದ್ದೆ. ನನ್ನ ಮುಖ ಕಂಡ ಕೂಡಲೇ ಅವರು ಮುಖ ತಿರುಗಿಸಿದರು. ತಿರಸ್ಕಾರದಿಂದಲ್ಲ, ನನಗೆ ಮುಜುಗರವಾಗದಿರಲಿ ಎಂಬ ಒಳ್ಳೆಯತನದಿಂದ. ಆ ಒಳ್ಳೆಯತನವೇ ನನಗೆ ಹೆಚ್ಚು ಚುಚ್ಚಿತು.

"ಹೌದು ಪುಟ್ಟಾ, ತೊಳೀತೀನಿ" ಎಂದೆ. ಇಷ್ಟು ಹೇಳಲು ನನಗೆ ಎರಡು ವರ್ಷ ಬೇಕಾಗಿತ್ತು. ಯಾಕೆಂದು ಹೇಳಬೇಕಾದರೆ ಊರಿನಿಂದಲೇ ಶುರು ಮಾಡಬೇಕು.

ನನ್ನ ಊರು ಉಡುಪಿ ಜಿಲ್ಲೆಯ ಗಂಗೊಳ್ಳಿ. ಐದು ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯ ದಡದಲ್ಲಿರುವ ಮೀನುಗಾರಿಕೆಯ ಊರು. ಅಪ್ಪಯ್ಯ ಅಲ್ಲಿ ಬೋಟು ಕಟ್ಟುವ, ರಿಪೇರಿ ಮಾಡುವ ಬಡಗಿ. ಅವರ ಪ್ರಾಯದ ಕಾಲದಲ್ಲಿ ಎಲ್ಲವೂ ಮರದ್ದೇ, ಹೆಬ್ಬಲಸು ಮತ್ತು ತೇಗ. ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿಯ ಎಳೆಯನ್ನು ಉಳಿಯಿಂದ ಬಡಿದು ತುಂಬಿ, ಮೇಲೆ ರಾಳ ಮೆತ್ತಬೇಕು. ಮರ ಕೊರೆಯುವ ಹುಳು ಬಾರದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಬೇಕು. ಮಳೆಗಾಲದಲ್ಲಿ ಬೋಟುಗಳಿಗೆ ರಜೆ, ಅಪ್ಪಯ್ಯನಿಗೆ ಮಾತ್ರ ಮೈತುಂಬ ಕೆಲಸ. ಈಗಿನ ಲೆಕ್ಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ರಿಪೇರಿಯೆಲ್ಲ ಆ ದಿನಗಳಲ್ಲೇ ಮುಗಿಯಬೇಕು.

ಗೇರೆಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಅಪ್ಪಯ್ಯನ ಅಂಗೈ ಯಾವಾಗಲೂ ಕಪ್ಪು, ಉಗುರು ಇನ್ನೂ ಕಪ್ಪು. ನಾನು ಬೋಟು ಕಟ್ಟುವ ಜಾಗಕ್ಕೆ ಆಡಲು ಹೋದರೆ ಬೈದು ಓಡಿಸುತ್ತಿದ್ದರು. "ಇದೆಲ್ಲ ನಿಂಗಲ್ಲ. ಹೋಯಿ ಓದ್ಕೋ" ಎನ್ನುತ್ತಿದ್ದರು. ಬಿ.ಇಡಿ.ಗೆ ಫೀಸು ಕಟ್ಟಲು ನನ್ನ ಜೊತೆ ಕಾಲೇಜಿಗೆ ಬಂದ ದಿನ, ಆಫೀಸಿನ ಕೌಂಟರಿನ ಮುಂದೆ ನಿಂತಷ್ಟು ಹೊತ್ತೂ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಹಣ ಎಣಿಸಿ ಕೊಡುವಾಗ ಮಾತ್ರ ಹೊರಗೆ ತೆಗೆದರು. ನಾನು ಅದನ್ನು ನೋಡಿದ್ದೆ. ನೋಡಿಲ್ಲವೆಂಬಂತೆ ಗೋಡೆಯ ಮೇಲಿನ ವೇಳಾಪಟ್ಟಿ ಓದುತ್ತಾ ನಿಂತಿದ್ದೆ.

ಮುಂದೆ ಹೈಸ್ಕೂಲಿನಲ್ಲಿ ಆರು ವರ್ಷ ಕನ್ನಡ ಕಲಿಸಿದೆ. ಗಾದೆ ವಿಸ್ತರಣೆ ಕಲಿಸದ ಕನ್ನಡ ಟೀಚರ್ ಉಂಟೇ? 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. 'ದುಡಿಮೆಯಲ್ಲಿ ಮೇಲು ಕೀಳೆಂಬುದಿಲ್ಲ' ಎಂಬ ವಾಕ್ಯ ಸೇರಿಸಿದ ಮಕ್ಕಳಿಗೆ ಅರ್ಧ ಅಂಕ ಹೆಚ್ಚೇ ಕೊಡುತ್ತಿದ್ದೆ.

2018ರಲ್ಲಿ ಯಜಮಾನರ ಸಾಫ್ಟ್‌ವೇರ್ ಕೆಲಸದ ನೆಪದಲ್ಲಿ ಆಮ್‌ಸ್ಟಲ್‌ವೇನ್‌ಗೆ ಬಂದೆವು. ನಮ್ಮಂಥವರ ನಿವಾಸದ ಕಾರ್ಡಿನ ಹಿಂದೆ 'ಆರ್ಬೈಟ್ ಫ್ರೈ ತೂಖೆಸ್ತಾನ್' ಎಂದು ಅಚ್ಚಾಗಿರುತ್ತದೆ. ಯಾವ ಕೆಲಸ ಬೇಕಾದರೂ ಮಾಡಬಹುದು ಎಂದರ್ಥ. ಓದಿ ಹಿಗ್ಗಿದ್ದೆ. ಆದರೆ ಕಾರ್ಡು ಒಪ್ಪಿದ ಮಾತ್ರಕ್ಕೆ ಶಾಲೆಗಳು ಒಪ್ಪಬೇಕಲ್ಲ. ಇಲ್ಲಿನ ಶಾಲೆಯಲ್ಲಿ ಕಲಿಸಬೇಕಾದರೆ ಪರದೇಶದ ಬಿ.ಇಡಿ.ಗೆ ಮಾನ್ಯತೆ ಪಡೆಯಬೇಕು, ಅದಕ್ಕಿಂತ ಮೊದಲು ಡಚ್ ಭಾಷೆ ಗಟ್ಟಿಯಾಗಿ ಬರಬೇಕು. ಕನ್ನಡ ಭಾಷಾ ಶಿಕ್ಷಕಿಯ ಅಗತ್ಯ ಇಲ್ಲಿ ಯಾರಿಗಿದೆ, ಭಾನುವಾರದ ನಮ್ಮ ಶಾಲೆಗೆ ಬಿಟ್ಟರೆ? ಮೂರು ವರ್ಷ ಡಚ್ ಕಲಿತೆ, ಮಗಳನ್ನು ಶಾಲೆಗೆ ಬಿಟ್ಟೆ, ಕರೆತಂದೆ. 2021ರ ಅಕ್ಟೋಬರ್‌ನಲ್ಲಿ ಮಗಳ ಶಾಲೆಯ ಗೇಟಿನ ಬಳಿ ಪರಿಚಯವಾದ ಒಬ್ಬ ಡಚ್ ತಾಯಿ ಹೇಳಿದರು: ಆಲ್ಸ್‌ಮೇರ್‌ನ ಒಂದು ಬೋಟ್ ಯಾರ್ಡಿಗೆ ಚಳಿಗಾಲದ ಮೊದಲು ಜನ ಬೇಕಂತೆ, ಅನುಭವ ಬೇಕಿಲ್ಲವಂತೆ.

ಆಲ್ಸ್‌ಮೇರ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಹೂವಿನ ಹರಾಜು ನೆನಪಾಗುತ್ತದೆ. ಅಲ್ಲೇ ಪಕ್ಕದಲ್ಲಿ ವೆಸ್ಟೈಂಡರ್ ಎಂಬ ದೊಡ್ಡ ಕೆರೆಯಿದೆ, ಅದರ ದಡದುದ್ದಕ್ಕೂ ಬೋಟುಗಳ ತಂಗುದಾಣಗಳು. ಮಕ್ಕಳೇ, ನೀವು ಅಜ್ಜಿ ಮನೆಗೆ ಹೋಗಲು ವಿಮಾನ ಹತ್ತುವ ಸ್ಕಿಪೊಲ್ ಇದೆಯಲ್ಲ, ಅದಿರುವುದು ಹಿಂದೊಮ್ಮೆ ಕೆರೆಯ ತಳವಾಗಿದ್ದ ಜಾಗದಲ್ಲಿ. ಹಾರ್ಲೆಮ್ಮರ್‌ಮೇರ್ ಎಂಬ ಆ ಕೆರೆಯನ್ನು 1849ರಿಂದ 1852ರವರೆಗೆ ಉಗಿಯಂತ್ರದ ಪಂಪುಗಳಿಂದ ಬತ್ತಿಸಿದರು. ಅಲ್ಲಿನ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 4 ಮೀಟರ್ ಕೆಳಗಿದೆ. ವೆಸ್ಟೈಂಡರ್ ಮಾತ್ರ ಬತ್ತಿಸದೆ ಉಳಿದ ನೀರು. ಹಾಗಾಗಿ ಅಲ್ಲಿ ನೀರು ಮೇಲೆ, ಪಕ್ಕದ ರಸ್ತೆ, ಮನೆಗಳೆಲ್ಲ ಕೆಳಗೆ. ಸೈಕಲ್ಲಿನಲ್ಲಿ ಹೋಗುವಾಗ ಬೋಟುಗಳು ತಲೆಗಿಂತ ಎತ್ತರದಲ್ಲಿ ತೇಲುವುದು ಕಾಣುತ್ತದೆ. ಮೊದಲ ದಿನ ಕಂಡಾಗ ನನಗೆ ಹೆದರಿಕೆಯೇ ಆಗಿತ್ತು.

ಯಾರ್ಡಿನ ಮಾಲೀಕರು ನನ್ನ ಪದವಿಗಳ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಒಂದೇ: ಈಜು ಬರುತ್ತದೆಯೇ? ನಾನು ತಲೆ ತಗ್ಗಿಸಿದೆ. ಹುಟ್ಟಿದ್ದು ಅಳಿವೆಯ ದಡದಲ್ಲಿ, ಅಪ್ಪ ಬೋಟು ಕಟ್ಟುವವರು, ಆದರೆ ನಮ್ಮ ಕಾಲಕ್ಕೆ ಹೆಣ್ಣುಮಕ್ಕಳಿಗೆ ಯಾರು ಈಜು ಕಲಿಸುತ್ತಿದ್ದರು? ಈಜುಕೊಳಕ್ಕೆ ಹೆಸರು ಕೊಟ್ಟು ಬಂದ ಮೇಲೆಯೇ, ಅದೂ ಜೀವರಕ್ಷಕ ಜಾಕೆಟ್ ಹಾಕಿಕೊಂಡೇ ನೀರಿನ ಬದಿಗೆ ಹೋಗಬೇಕೆಂಬ ಕರಾರಿನ ಮೇಲೆ, ಕೆಲಸಕ್ಕೆ ಸೇರಿಸಿಕೊಂಡರು. ಆ ಚಳಿಗಾಲ ನನ್ನ ಮಗಳು ಈಜಿನ ಎ ಡಿಪ್ಲೊಮಾ ಮಾಡುತ್ತಿದ್ದಳು, ನಾನು ಪಕ್ಕದ ಕೊಳದಲ್ಲಿ ಹಲಗೆ ಹಿಡಿದು ಕಾಲು ಬಡಿಯುತ್ತಿದ್ದೆ. ಅವಳು ನನಗಿಂತ ಮೊದಲು ಪಾಸಾದಳು.

ಕೆಲಸ ಏನೆಂದು ಮಕ್ಕಳು ತರಗತಿಯಲ್ಲಿ ಬಿಡಿಸಿ ಬಿಡಿಸಿ ಕೇಳಿದ್ದರು. ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಮ್ಮೂರಿನಲ್ಲಿ ಮಳೆಗಾಲ ಹೇಗೋ ಇಲ್ಲಿ ಚಳಿಗಾಲ ಹಾಗೆ, ಬೋಟುಗಳಿಗೆ ರಜೆ. ಅಕ್ಟೋಬರ್ ಬಂತೆಂದರೆ ಒಂದೊಂದಾಗಿ ಮೇಲೆ ಎತ್ತುವುದು. ಎರಡು ಅಗಲವಾದ ಬೆಲ್ಟುಗಳನ್ನು ಬೋಟಿನ ಅಡಿಯಿಂದ ಹಾಯಿಸಿ, ಕ್ರೇನಿನಿಂದ ಮೆಲ್ಲಗೆ ಎತ್ತುತ್ತಾರೆ. ಬೆಲ್ಟು ಎಲ್ಲಿ ಕೂರಬೇಕೆಂಬುದು ಬೋಟಿನಿಂದ ಬೋಟಿಗೆ ಬೇರೆ. ತಪ್ಪಿ ಪ್ರೊಪೆಲ್ಲರಿನ ದಂಡದ ಮೇಲೆ ಕೂತರೆ ಅದು ಬಾಗಿಹೋಗುತ್ತದೆ. ಎತ್ತಿದ ಬೋಟು ನೀರು ಸುರಿಸುತ್ತಾ ಗಾಳಿಯಲ್ಲಿ ತೂಗುವಾಗ, ಅದು ತಿರುಗದಂತೆ ಹಗ್ಗ ಹಿಡಿದು ನಿಲ್ಲುವವಳು ನಾನು.

ಆಮೇಲೆ ತೊಳೆಯುವುದು. ಜೋರಾಗಿ ನೀರು ಚಿಮ್ಮುವ ಪೈಪು ಹಿಡಿದು ಅಡಿಭಾಗದ ಪಾಚಿ ಎಬ್ಬಿಸಬೇಕು. ಪಾಚಿಯ ಜೊತೆ ಉಗುರಿನಷ್ಟು ದೊಡ್ಡ ಚಿಪ್ಪುಗಳೂ ಸಾವಿರಗಟ್ಟಲೆ ಅಂಟಿರುತ್ತವೆ, ನಮ್ಮ ಪಚ್ಚಿಲೆಯ ಮರಿಗಳಂತೆ. ಇವುಗಳಲ್ಲಿ ಕ್ವಾಗಾ ಎಂಬ ಜಾತಿಯದು ಕಪ್ಪು ಸಮುದ್ರದ ಕಡೆಯಿಂದ ಬಂದದ್ದು, ಈ ದೇಶದಲ್ಲಿ ಮೊದಲು ಕಂಡದ್ದು 2006ರಲ್ಲಿ. ನೀರಿಗೆ ಬಗ್ಗದ ಚಿಪ್ಪುಗಳನ್ನು ಕೈಯಲ್ಲಿ ಹೆರೆಯಬೇಕು. ತೊಳೆದ ನೀರು ಕೆರೆಗೆ ಮರಳುವಂತಿಲ್ಲ. ನೆಲಕ್ಕೆ ಇಂಗದಂಥ ಕಟ್ಟೆಯ ಮೇಲೇ ತೊಳೆದು, ನೀರನ್ನು ಹಿಡಿದು ಸೋಸಬೇಕು. ಅದರಲ್ಲಿ ಹಳೆಯ ಬಣ್ಣದ ವಿಷ ಇರುತ್ತದಲ್ಲ. ಹಿಂದೆ ಬೋಟಿನ ಅಡಿಗೆ ಬಳಿಯುವ ಬಣ್ಣಕ್ಕೆ ಟಿಬಿಟಿ ಎಂಬ ತವರದ ಸಂಯುಕ್ತ ಬೆರೆಸುತ್ತಿದ್ದರು. ಚಿಪ್ಪು ಅಂಟುತ್ತಿರಲಿಲ್ಲ ನಿಜ, ಆದರೆ ನೀರಿನಲ್ಲಿದ್ದ ಶಂಖದ ಹುಳುಗಳ ಸಂತಾನವೇ ಕೆಟ್ಟುಹೋಗತೊಡಗಿತು. ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ 2008ರಲ್ಲಿ ಜಾರಿಗೆ ಬಂತು. ಈಗಿನ ಬಣ್ಣಗಳಲ್ಲಿ ಹೆಚ್ಚಾಗಿ ತಾಮ್ರ. ಗೇರೆಣ್ಣೆಯ ಬಗ್ಗೆ ಮಾಲೀಕರಿಗೆ ಹೇಳಿದಾಗ ಅವರು ಪುಸ್ತಕ ತಂದು ಬರೆದುಕೊಂಡರು!

ಇಂಜಿನ್ನಿನೊಳಗೆ, ಪೈಪುಗಳೊಳಗೆ ನೀರು ಉಳಿಯಬಾರದು. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಕಬ್ಬಿಣವನ್ನೂ ಸೀಳುತ್ತದೆ. ವಿಜ್ಞಾನದ ಪಾಠದಲ್ಲಿ ಓದಿದ್ದೆ, ಬಿರುಕು ಬಿಟ್ಟ ಇಂಜಿನ್ ಕಂಡಮೇಲೆ ನಂಬಿದೆ. ಇನ್ನೊಂದು ನನಗೆ ಬಹಳ ಇಷ್ಟವಾದದ್ದು: ಕಬ್ಬಿಣದ ಬೋಟಿನ ಅಡಿಗೆ ಮೆಗ್ನೀಷಿಯಂ ತುಂಡುಗಳನ್ನು ಬಿಗಿದಿರುತ್ತಾರೆ. ನೀರಿನಲ್ಲಿ ಆ ತುಂಡು ತಾನು ಸವೆದು ಬೋಟು ಸವೆಯದಂತೆ ಕಾಯುತ್ತದೆ. ಸಿಹಿನೀರಿಗೆ ಮೆಗ್ನೀಷಿಯಂ, ಉಪ್ಪುನೀರಿಗೆ ಸತು. ಡಚ್ಚಿನಲ್ಲಿ ಅದರ ಹೆಸರಿನಲ್ಲೇ ಬಲಿ ಎಂಬ ಅರ್ಥವಿದೆ. ಪ್ರತಿ ವರ್ಷ ತಿಂದುಹೋದ ತುಂಡು ಕಳಚಿ ಹೊಸದು ಹಾಕುವುದು ನನ್ನ ಕೆಲಸ. ಫೆಬ್ರವರಿ, ಮಾರ್ಚ್‌ನಲ್ಲಿ ಅಡಿಭಾಗವನ್ನು ಮರಳುಕಾಗದದಿಂದ ಉಜ್ಜಿ ಎರಡು ಕೈ ಬಣ್ಣ. ತಲೆಯ ಮೇಲೆ ಬೋಟು, ಕೆಳಗೆ ಅಂಗಾತ ನಾನು, ಬಾಯಿಗೆ ಮುಖವಾಡ, ಬೆರಳುಗಳಿಗೆ ಚಳಿಯಲ್ಲಿ ಜೀವವೇ ಇಲ್ಲ. ಮೊದಲ ತಿಂಗಳು ರಾತ್ರಿ ಚಪಾತಿ ಲಟ್ಟಿಸಲು ಕೈ ಏಳುತ್ತಿರಲಿಲ್ಲ. ಲಟ್ಟಿಸಿದ್ದು ಯಜಮಾನರು. ಆಕಾರದ ಬಗ್ಗೆ ಹೇಳುವುದಿಲ್ಲ.

ಹತ್ತು ಗಂಟೆಗೆ ಕಾಫಿ. ಮಾಲೀಕರು, ಮೆಕ್ಯಾನಿಕ್, ನಾನು ಎಲ್ಲ ಒಂದೇ ಮೇಜಿಗೆ. ಕಪ್ಪು ತೊಳೆಯುವ ಸರದಿ ಮಾಲೀಕರಿಗೂ ಉಂಟು. ಅರುವತ್ತು ದಾಟಿದ ಅವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಹೊರಳದು. 'ಸರ್' ಎಂದರೆ ಅವರಿಗೆ ನಗು. ಕೊನೆಗೆ 'ಬಾಸ್' ಎಂದು ಕರೆಯತೊಡಗಿದೆ. ಆಮೇಲೆ ತಿಳಿಯಿತು, ಇಂಗ್ಲಿಷಿನ ಬಾಸ್ ಎಂಬ ಪದವೇ ಡಚ್ಚಿನ 'ಬಾಸ್' ಎಂಬುದರಿಂದ ಹೋದದ್ದಂತೆ. ಯಾಟ್, ಸ್ಕಿಪ್ಪರ್, ಡೆಕ್ ಇವೂ ಇಲ್ಲಿಂದಲೇ ಹೋದವು. ಯಾಟ್ ಪದದ ಮೂಲವಾದ 'ಯಾಖ್ತ್' ಎಂದರೆ ಬೇಟೆ, ಬೆನ್ನಟ್ಟಿ ಹೋಗುವ ವೇಗದ ಹಡಗು. ಭಾಷೆ ಕಲಿಸುವವಳಿಗೆ ಇಂಥದ್ದು ಸಿಕ್ಕರೆ ಬೆನ್ನುನೋವು ಅರ್ಧ ಕಡಿಮೆ.

ಕೆಲಸ ಹೀಗೆ ಹಿಡಿಸಿತ್ತು. ಆದರೂ ಯಾರಿಗೂ ಹೇಳಿರಲಿಲ್ಲ. ಅತ್ತೆ ಮಾವನಿಗೆ 'ಬೋಟ್ ಕಂಪನಿಯಲ್ಲಿ ಆಫೀಸ್ ಕೆಲಸ', ಇಲ್ಲಿನ ಗೆಳತಿಯರಿಗೆ 'ಪಾರ್ಟ್ ಟೈಮ್', ನಮ್ಮ ಶಾಲೆಯ ಪಾಲಕರಿಗೆ ಏನೂ ಇಲ್ಲ. ಮಕ್ಕಳನ್ನು ನಂಬಿ ಕಳಿಸುವ ಟೀಚರ್ ವಾರದಲ್ಲಿ ಮೂರು ದಿನ ಪಾಚಿ ಕೆರೆಯುತ್ತಾಳೆಂದರೆ ಏನೆಂದುಕೊಳ್ಳುತ್ತಾರೋ ಎಂದು. ಎಲ್ಲರಿಗಿಂತ ಹೆಚ್ಚು ಮುಚ್ಚಿಟ್ಟದ್ದು ಅಪ್ಪಯ್ಯನಿಂದ. ಯಾವ ಕೆಲಸದಿಂದ ನನ್ನನ್ನು ದೂರವಿಡಲು ಅವರು ಅಷ್ಟು ವರ್ಷ ಕೈ ಸುಟ್ಟುಕೊಂಡರೋ, ಅದೇ ಕೆಲಸಕ್ಕೆ ಏಳು ಸಾವಿರ ಕಿಲೋಮೀಟರ್ ಆಚೆ ಬಂದು ಸೇರಿದ್ದೇನೆಂದು ಹೇಗೆ ಹೇಳುವುದು?

2022ರ ಮಾರ್ಚ್‌ನಲ್ಲಿ ಒಂದು ಸಂಜೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಾ ನಾನು ಕೂದಲು ಸರಿಮಾಡಿಕೊಂಡೆ. ಅಪ್ಪಯ್ಯ ಕೇಳಿದರು, "ಕೈಗೆಂತ ನೀಲಿ?"

"ಪೆನ್ನಿನ ಇಂಕು ಅಪ್ಪಯ್ಯ" ಎಂದು ಕೈ ಕೆಳಗಿಳಿಸಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಂಕ್ ಉಗುರಿನ್ ಬುಡಕ್ಕೆ ಹೋತಿಲ್ಲ ಮಗಾ" ಎಂದರು. ಮತ್ತೆ ಮೊಮ್ಮಗಳ ಬಗ್ಗೆ ಕೇಳಿದರು. ನಾನೂ ಆ ಮಾತನ್ನು ಕೇಳಿಸಿಕೊಳ್ಳದವಳಂತೆ ಮುಂದುವರಿದೆ.

ಮುಂದಿನ ತಿಂಗಳು ನಾನೊಂದು ಬೋಟನ್ನು ಮುಳುಗಿಸುವುದರಲ್ಲಿದ್ದೆ.

ಏಪ್ರಿಲ್ ಎಂದರೆ ಬೋಟುಗಳು ನೀರಿಗಿಳಿಯುವ ಕಾಲ. ಬೋಟಿನ ಅಡಿಯಲ್ಲಿ ನೀರು ಒಳಗೆ ಹೊರಗೆ ಹೋಗುವ ತೂತುಗಳಿರುತ್ತವೆ, ಪ್ರತಿಯೊಂದಕ್ಕೂ ಒಂದು ವಾಲ್ವ್. ಚಳಿಗಾಲದಲ್ಲಿ ನೀರು ನಿಂತು ಒಡೆಯದಿರಲೆಂದು ಅವನ್ನು ತೆರೆದಿಟ್ಟು ಪೈಪು ಸಡಿಲಿಸುತ್ತೇವೆ. ಇಳಿಸುವ ಮೊದಲು ಎಲ್ಲವನ್ನೂ ಬಿಗಿದು ಮುಚ್ಚಿ, ಪಟ್ಟಿಯಲ್ಲಿ 'ದಿಖ್ತ್' ಎಂಬ ಕಡೆ ಗುರುತು ಹಾಕಬೇಕು. ದಿಖ್ತ್ ಎಂದರೆ ಮುಚ್ಚಿದೆ ಎಂದರ್ಥ. ವಿಚಿತ್ರವೆಂದರೆ 'ದಿಖ್ತರ್' ಎಂದರೆ ಕವಿ, 'ಖೆದಿಖ್ತ್' ಎಂದರೆ ಕವಿತೆ. ಆ ಪಟ್ಟಿ ಹಿಡಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತಿತ್ತು. ಅಂದು ಐದು ವಾಲ್ವುಗಳಲ್ಲಿ ನಾಲ್ಕನ್ನು ನೆಲದ ಹಲಗೆ ಎತ್ತಿ ನೋಡಿದೆ. ಐದನೆಯದು ಹಿಂದಿನ ಕೋಣೆಯ ಮಂಚದ ಕೆಳಗೆ. ಮೇಲೆ ಹಾಸಿಗೆ, ಅದರ ಮೇಲೆ ಚೀಲಗಳು. ಬೋಟಿನ ಒಡೆಯರಾದ ವೃದ್ಧ ದಂಪತಿ ಕಟ್ಟೆಯ ಮೇಲೆ ಆಪಲ್ ಕೇಕ್ ಹಿಡಿದು ಕಾಯುತ್ತಿದ್ದರು. ಮುಚ್ಚಿರಲೇಬೇಕು ಎಂದುಕೊಂಡು ಐದಕ್ಕೂ ಗುರುತು ಹಾಕಿದೆ.

ಬೋಟು ಇಳಿಯಿತು. ನಮ್ಮ ಮಾಲೀಕರು ಬೆಲ್ಟನ್ನು ಕೂಡಲೇ ಬಿಡಿಸುವವರಲ್ಲ, ಹತ್ತು ನಿಮಿಷ ಹಾಗೇ ಇಡುತ್ತಾರೆ. ನಾನು ಒಳಗೆ ಇಣುಕಿ "ಒಣಗಿದೆ" ಎಂದು ಕೂಗಿದೆ. ಅಷ್ಟರಲ್ಲಿ ಆ ಅಜ್ಜಿ ಕೇಕ್ ಇಡಲೆಂದು ಒಳಗೆ ಹೋದವರು, ತಮ್ಮ ಕಾಲುಚೀಲ ಒದ್ದೆಯಾಯಿತೆಂದರು. ಕ್ರೇನು ಮತ್ತೆ ಬೋಟನ್ನು ಎತ್ತಿತು. ಮಾಲೀಕರು ನನ್ನನ್ನು ಕೇಳಿದರು, "ಮಂಚದ ಕೆಳಗೆ ನೋಡಿದ್ದೆಯಾ?"

"ನೋಡಿದ್ದೆ" ಎಂದೆ.

ಸುಳ್ಳು. ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು. ಅವರು ಒಳಗೆ ಹೋಗಿ ತಾವೇ ಹಾಸಿಗೆ ಸರಿಸಿದರು, ಪೈಪು ಬಿಗಿದರು, ಹೊರಗೆ ಬಂದು ನೀರು ತೆಗೆಯುವ ಪಂಪು ತರಲು ಹೇಳಿದರು. ಬೈಗುಳವಿಲ್ಲ, ಏನಿಲ್ಲ. ಹಾಳಾದದ್ದು ಒಂದು ತುಂಡು ಕಾರ್ಪೆಟ್ಟು ಮತ್ತು ಅಜ್ಜಿಯ ಕಾಲುಚೀಲ. ಬೆಲ್ಟು ಬಿಡಿಸಿದ್ದರೆ ಲೆಕ್ಕ ಬೇರೆಯಿತ್ತು. ಕಾಫಿಯ ಹೊತ್ತಿಗೆ ಆ ಕೇಕನ್ನು ನನಗೆ ನುಂಗಲಾಗಲಿಲ್ಲ. ಎಲ್ಲರೂ ಕುಳಿತಿದ್ದಾಗಲೇ ಹೇಳಿದೆ: "ನಾನು ನೋಡಿರಲಿಲ್ಲ. ನೋಡಿದೆನೆಂದು ಸುಳ್ಳು ಹೇಳಿದೆ."

"ಗೊತ್ತು. ಚೀಲಗಳನ್ನು ಯಾರೂ ಮುಟ್ಟಿರಲಿಲ್ಲ" ಎಂದರು ಅವರು. ಆಮೇಲೆ ಆ ಋತುವಿನ ಉಳಿದೆಲ್ಲ ಬೋಟುಗಳ ಪಟ್ಟಿಯನ್ನೂ ನನ್ನ ಕೈಗೇ ಕೊಟ್ಟರು. ಅಂದಿನಿಂದ ಪ್ರತಿ ಪಟ್ಟಿಯ ಕೆಳಗೆ ನನ್ನ ಸಹಿ. ಆ ದಂಪತಿಯ ಬಳಿಗೂ ಹೋಗಿ ಕ್ಷಮೆ ಕೇಳಿದೆ.

ಅದೇ ಸಂಜೆ ಅಪ್ಪಯ್ಯನಿಗೆ ಫೋನ್ ಮಾಡಿದೆ. ಊರಿನಲ್ಲಿ ರಾತ್ರಿ ಹತ್ತು ದಾಟಿತ್ತು. ಇಂಕು, ಆಫೀಸು, ವಾಲ್ವ್ ಎಲ್ಲ ಒಂದೇ ಉಸಿರಿಗೆ ಹೇಳಿ, ಬೈಯಲಿ ಎಂದು ಕಾದೆ.

"ಎಷ್ಟ್ ಬೆರಳ್ ನೀರ್ ಬಂದಿತ್?" ಎಂದು ಕೇಳಿದರು.

ಹೇಳಿದೆ. ಆಮೇಲೆ ಪ್ರಶ್ನೆಗಳೋ ಪ್ರಶ್ನೆಗಳು. ಬೋಟು ಮರದ್ದೋ ಕಬ್ಬಿಣದ್ದೋ, ಎಷ್ಟು ಅಡಿ, ಕ್ರೇನಿನಲ್ಲಿ ಎತ್ತುವಾಗ ಭಾರ ಹೇಗೆ ಗೊತ್ತಾಗುತ್ತದೆ, ಅಲ್ಲಿಯೂ ಹುಳು ಇದೆಯೇ. ಹುಳುವಿನ ಕತೆ ನನಗೆ ಗೊತ್ತಿತ್ತು. 1731ರಲ್ಲಿ ಈ ದೇಶದ ಸಮುದ್ರದ ಒಡ್ಡುಗಳಿಗೆ ಆಧಾರವಾಗಿದ್ದ ಮರದ ಕಂಬಗಳನ್ನು ಇದೇ ಜಾತಿಯ ಹುಳು ಒಳಗೇ ತಿಂದು ಟೊಳ್ಳು ಮಾಡಿದ್ದು ಪತ್ತೆಯಾಯಿತು. ದೇವರ ಶಿಕ್ಷೆಯೆಂದು ಜನ ಪ್ರಾರ್ಥನೆಗೆ ಕುಳಿತರಂತೆ. ಕೊನೆಗೆ ಮರದ ಬದಲು ಪರದೇಶದಿಂದ ಕಲ್ಲು ತರಿಸಿ ಒಡ್ಡುಗಳಿಗೆ ಹೊದಿಸಿದರು. ನಮ್ಮ ಕೆರೆಯದು ಸಿಹಿನೀರು, ಅಲ್ಲಿ ಆ ಹುಳು ಬದುಕುವುದಿಲ್ಲ. ಇದನ್ನೆಲ್ಲ ಕೇಳಿ ಅಪ್ಪಯ್ಯ, "ಗೇರೆಣ್ಣೆ ಇದ್ದಿರ್ಲಿಲ್ಲ ಅವ್ರ ಹತ್ರ" ಎಂದರು. ಒಂದು ಗಂಟೆ ಮಾತಾಡಿದೆವು. ನನಗೆ ನೆನಪಿರುವಂತೆ ನಾವಿಬ್ಬರು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಅಪ್ಪಯ್ಯನಿಗೆ ಹೇಳಿಯಾಗಿತ್ತು. ಉಳಿದವರಿಗೆ ಹೇಳಲು ಮತ್ತೂ ಒಂದೂವರೆ ವರ್ಷ ಹಿಡಿಯಿತು, ಅದೂ ಆ ಹುಡುಗ ಕೇಳಿದ್ದರಿಂದ. ಆ ದಿನ ಒತ್ತಕ್ಷರದ ಪಾಠ ಅಲ್ಲಿಗೇ ನಿಂತಿತು. ಬೋರ್ಡಿನ ಮೇಲೆ ಬೋಟಿನ ಚಿತ್ರ ಬರೆದು ಹಗ್ಗ, ಹಲಗೆ, ಹಾಯಿ, ಚುಕ್ಕಾಣಿ, ಲಂಗರು ಎಂದು ಹೆಸರು ಹಾ‌ಕುತ್ತಾ ಹೋದೆ. ಮಕ್ಕಳು ಅದೇ ವಸ್ತುಗಳ ಡಚ್ ಹೆಸರು ಹೇಳಿದರು, ನನಗಿಂತ ಸರಿಯಾಗಿ. ಝಾಂಡಾಮ್‌ನಲ್ಲಿ ತ್ಸಾರ್ ಪೀಟರ್‌ನ ಮನೆ ನೋಡಿದ್ದೇನೆಂದು ಒಬ್ಬಳು ಕೈ ಎತ್ತಿದಳು. ಆ ಕತೆಯನ್ನೂ ಹೇಳಿದೆ. 1697ರಲ್ಲಿ ರಷ್ಯಾದ ದೊರೆ ಪೀಟರ್ ಮಿಖೈಲೋವ್ ಎಂಬ ಸಾಮಾನ್ಯ ಹೆಸರಿಟ್ಟುಕೊಂಡು, ಹಡಗು ಕಟ್ಟುವುದನ್ನು ಕಲಿಯಲು ಝಾಂಡಾಮ್‌ಗೆ ಬಂದ. ಜನ ಗುರುತು ಹಿಡಿದು ಮುತ್ತಿದ್ದರಿಂದ ಸುಮಾರು ಒಂದು ವಾರದಲ್ಲೇ ಅಲ್ಲಿಂದ ಹೊರಟು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಯಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬಡಗಿಗಳ ಜೊತೆ ದುಡಿದ. ಖೆರಿತ್ ಕ್ಲಾಸ್ ಪೋಲ್ ಎಂಬ ಹಿರಿಯ ಬಡಗಿ ಅವನಿಗೆ ಕೆಲಸ ಬಲ್ಲನೆಂದು ಪ್ರಮಾಣಪತ್ರ ಬರೆದುಕೊಟ್ಟ. ಕತೆ ಹೇಳುತ್ತಿದ್ದಾಗ ಹೊಳೆಯಿತು: ಕೆಲಸ ಕಲಿಯಲು ಆ ದೊರೆ ತನ್ನ ಹೆಸರು ಮುಚ್ಚಿಟ್ಟ, ನಾನು ಕೆಲಸವನ್ನೇ ಮುಚ್ಚಿಟ್ಟಿದ್ದೆ. ಮಕ್ಕಳಿಗೆ ಇದನ್ನು ಹೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕ್ರೇನು ಎಷ್ಟು ಟನ್ನು ಎತ್ತುತ್ತದೆ ಎಂಬುದು.

ಪಾಲಕರಲ್ಲಿ ಎಲ್ಲರೂ ಒಂದೇ ರೀತಿ ತೆಗೆದುಕೊಂಡರೆಂದು ಹೇಳಲಾರೆ. "ಮೇಡಂ, ಇದನ್ನೆಲ್ಲ ಮಕ್ಕಳ ಮುಂದೆ ಹೇಳಬೇಕಿತ್ತೇ?" ಎಂದು ಒಬ್ಬರು ಬಹಳ ವಿನಯದಿಂದಲೇ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎರಡು ವರ್ಷ ನಾನೂ ಅದನ್ನೇ ನನಗೆ ಹೇಳಿಕೊಂಡಿದ್ದೆನಲ್ಲ. ಇನ್ನೊಬ್ಬ ತಾಯಿ, ಊರಿನಲ್ಲಿ ಲೆಕ್ಕಪರಿಶೋಧಕರ ಕಚೇರಿಯಲ್ಲಿದ್ದವರು, ಕಾರು ನಿಲ್ಲಿಸುವ ಜಾಗದವರೆಗೆ ನನ್ನ ಜೊತೆ ನಡೆದು ಬಂದು, ತಾವು ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಿರುವುದಾಗಿ ಹೇಳಿದರು. ಅವರ ಮನೆಯವರಿಗೆ ಬಿಟ್ಟರೆ ಮತ್ತಾರಿಗೂ ತಿಳಿದಿರಲಿಲ್ಲವಂತೆ. ಅವರ ಒಪ್ಪಿಗೆ ಪಡೆದೇ ಇಷ್ಟನ್ನು ಬರೆದಿದ್ದೇನೆ. ಬೋಟು ಬಾಡಿಗೆಗೆ ಬಂದಿದ್ದ ಆ ತಂದೆ ಮುಂದಿನ ಬೇಸಿಗೆಯಲ್ಲಿ ಮಗನನ್ನು ಕರೆದುಕೊಂಡು ಯಾರ್ಡಿಗೇ ಬಂದರು, ಈ ಸಲ ಮುಖ ತಿರುಗಿಸಲಿಲ್ಲ. ಹುಡುಗ ಚಿಪ್ಪು ಹೆರೆಯುವ ಕತ್ತಿ ಹಿಡಿದು ಅರ್ಧ ಗಂಟೆ ಕೆರೆದ. ಮನೆಯಲ್ಲಿ ತನ್ನ ಕೋಣೆಯನ್ನೂ ಹೀಗೆಯೇ ಗುಡಿಸಿದ್ದರೆ ಚೆನ್ನಾಗಿತ್ತೆಂದು ತಂದೆಯ ಅಭಿಪ್ರಾಯ.

2024ರ ಏಪ್ರಿಲ್‌ನಲ್ಲಿ ಅಪ್ಪಯ್ಯ, ಅಮ್ಮ ಇಲ್ಲಿಗೆ ಬಂದರು. ಊರಿನಿಂದ ಬಂದ ತಂದೆ ತಾಯಿಯರನ್ನು ನಾವೆಲ್ಲ ಕರೆದೊಯ್ಯುವಂತೆ ಕ್ಯೂಕೆನ್‌ಹೋಫ್‌ಗೆ ಕರೆದೊಯ್ದೆವು. ಅಮ್ಮ ಪ್ರತಿ ಟುಲಿಪ್‌ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅಪ್ಪಯ್ಯ ಮಂಕಿ ಟೋಪಿ ಎಳೆದುಕೊಂಡು, "ಹೂವೆಲ್ಲ ಲಾಯ್ಕಿತ್ತ್. ನಿನ್ನ ಕೆಲ್ಸದ್ ಜಾಗಕ್ಕೆ ಯಾವಾಗ ಹೋಪುದು?" ಎಂದು ಕೇಳಿದರು.

ಮರುದಿನ ಹೋದೆವು. ಇನ್ನೂ ನೀರಿಗಿಳಿಯದ ಆರೇಳು ಬೋಟುಗಳು ಸ್ಟ್ಯಾಂಡಿನ ಮೇಲಿದ್ದವು. ನಮ್ಮ ಮಾಲೀಕರು ಬಂದು ಕೈ ಚಾಚಿದರು. ಅಪ್ಪಯ್ಯ ಜೇಬಿನಿಂದ ಕೈ ಹೊರಗೆ ತೆಗೆದು ಕುಲುಕಿದರು. ಇಬ್ಬರ ಕೈಗಳನ್ನೂ ನಾನು ನೋಡಿದೆ. ಬಣ್ಣ ಬೇರೆ, ಗಂಟು, ಗಾಯದ ಕಲೆ ಒಂದೇ ತರ. ಒಬ್ಬರಿಗೆ ಡಚ್, ಒಬ್ಬರಿಗೆ ಕುಂದಾಪುರದ ಕನ್ನಡ. ಮಧ್ಯೆ ನಿಂತು ಅನುವಾದ ಮಾಡಲು ಹೊರಟ ನನ್ನನ್ನು ಐದು ನಿಮಿಷದಲ್ಲಿ ಇಬ್ಬರೂ ಮರೆತರು. ಬೆರಳಲ್ಲಿ ತೋರಿಸುತ್ತಾ, ಬಡಿದು ಸದ್ದು ಕೇಳುತ್ತಾ, ತಲೆಯಾಡಿಸುತ್ತಾ ಬೋಟಿನಿಂದ ಬೋಟಿಗೆ ಹೋದರು.

ಕೊನೆಯ ಬೋಟು ನಾನು ಹಿಂದಿನ ದಿನವಷ್ಟೇ ಉಜ್ಜಿ, ಬಣ್ಣಕ್ಕೆ ಸಿದ್ಧ ಮಾಡಿದ್ದು. ಅಪ್ಪಯ್ಯ ಅದರ ಮುಂಭಾಗದಿಂದ ಹಿಂದಿನವರೆಗೆ ಅಂಗೈ ಒತ್ತಿ ಮೆಲ್ಲಗೆ ಸವರುತ್ತಾ ಬಂದರು. ಚುಕ್ಕಾಣಿಯ ಹತ್ತಿರ ಕೈ ನಿಂತಿತು. ನನ್ನನ್ನು ಕರೆದು, ನನ್ನ ಕೈಯನ್ನು ಹಿಡಿದು ಅಲ್ಲಿಟ್ಟರು.

"ಇಲ್ಲಿ ಕಾಣ್. ತರಿ ಇತ್ತ್. ಮತ್ತೊಂದ್ ಸಲ ಉಜ್ಜ್."

ಡಾಂಗ್ರಿ ಹಾಕಿಕೊಂಡು ಬರಲು ಒಳಗೆ ಹೋದೆ.